ತ್ಯಾಂಪಣ್ಣನ ನೀರಿನ ಕನ್ನಡಕ

ಹೊಳೆಗೆ ಬಿದ್ದದ್ದು ದೇವರಿಗೆ ಸಂದಿತು ಎಂದು ನಮ್ಮ ಕಡೆ ಹಿರಿಯರು ಹೇಳುವುದುಂಟು. ಕೈಜಾರಿದ ತಂಬಿಗೆ, ಕಾಲಿನಿಂದ ಕಳಚಿದ ಚಪ್ಪಲಿ, ಮದುಮಗನ ಬೆರಳಿಗೆ ಸಡಿಲಾದ ಉಂಗುರ, ಎಲ್ಲದಕ್ಕೂ ಈ ಒಂದು ಮಾತಿನಲ್ಲಿ ಸಮಾಧಾನ ಇತ್ತು. ಆದರೆ ದೇವರದ್ದೇ ವಸ್ತು ದೇವರದ್ದೇ ಹೊಳೆಗೆ ಬಿದ್ದರೆ ಅದು ಯಾರಿಗೆ ಸಂದಿತು ಎಂಬುದನ್ನು ಹಿರಿಯರು ಹೇಳದೆಯೇ ತೀರಿಕೊಂಡರು. ಹಾಗಾಗಿ ಆಲಂಕಾರಿನ ಹಿಟ್ಟಿನ ಮಿಲ್ಲಿನ ತ್ಯಾಂಪಣ್ಣ, ಮೇ ತಿಂಗಳ ಒಂದು ಬೆಳಿಗ್ಗೆ, ಕೂಡುಗುಂಡಿಯ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ನೀರನ್ನೇ ನೋಡುತ್ತ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಕೂಡುಗುಂಡಿ ಎಂದರೆ ವಿಷ್ಣುಮೂರ್ತಿ ದೇವಸ್ಥಾನದ ಮೆಟ್ಟಿಲಿನ ಬುಡದಲ್ಲಿ ಹೊಳೆ ತಿರುಗಿ ನಿಲ್ಲುವ ಆಳದ ಜಾಗ. ಅಲ್ಲಿ ಮೊಣಕೈ ಉದ್ದದ, ಕರಿಬೆನ್ನಿನ ಮೀನುಗಳಿವೆ. ಅವು ದೇವರ ಮೀನು. ಭಕ್ತರು ಹರಕೆ ಹೊತ್ತು ಅಕ್ಕಿ ಹಾಕುತ್ತಾರೆ, ಮೀನುಗಳು ಬಾಯಿ ತೆರೆದು ಸ್ವೀಕರಿಸುತ್ತವೆ. ಅವುಗಳ ಮೈಗೆ ಕೈ ಹಾಕಿದವರು ಊರಲ್ಲಿ ಯಾರೂ ಇಲ್ಲ. ಹಾಕಿದವರು ಇದ್ದರೂ ಆಮೇಲೆ ಊರಲ್ಲಿ ಇರುವುದಿಲ್ಲ.

ನೀರಿಗೆ ಬಿದ್ದದ್ದು ದೇವಸ್ಥಾನದ ಭಂಡಾರದ ಕೀ. ಗೇಣುದ್ದದ ಹಿತ್ತಾಳೆಯದ್ದು. ದೇವರ ಬೆಳ್ಳಿಯ ಪ್ರಭಾವಳಿ ಇರುವ ಮರದ ಪೆಟ್ಟಿಗೆ ಅದರಿಂದಲೇ ತೆರೆಯಬೇಕು. ನಾಲ್ಕು ತಲೆಮಾರಿನಿಂದ ಆ ಕೀ ತ್ಯಾಂಪಣ್ಣನ ಮನೆಯವರ ಸೊಂಟದ ನೂಲಿನಲ್ಲಿ ತೂಗುತ್ತಿತ್ತು. ಆ ದಿನ ಮಾತ್ರ ಅಂಗಿಯ ಜೇಬಿನಲ್ಲಿತ್ತು. ಕಾರಣ ಇಷ್ಟೇ: ಸುಳ್ಯದ ಭಾವ ಆನೆಯ ಪಕ್ಕ ನಿಂತ ಫೋಟೋವನ್ನು ಮೊಬೈಲಿನಲ್ಲಿ ಸ್ಟೇಟಸ್ ಹಾಕಿದ್ದ. ಆನೆಗೆ ಉತ್ತರ ದೇವರ ಮೀನೇ ಎಂದು ನಿರ್ಧರಿಸಿದ ತ್ಯಾಂಪಣ್ಣ, ಸೊಂಟದಲ್ಲಿ ಕೀ ಇದ್ದರೆ ಹೊಟ್ಟೆ ಎದ್ದು ಕಾಣುತ್ತದೆಂದು ಅದನ್ನು ಜೇಬಿಗೆ ಹಾಕಿ, ನೀರಿನತ್ತ ಬಾಗಿ, ಮೊಬೈಲು ಎತ್ತಿ ಹಿಡಿದು, ನಕ್ಕ. ಗುಳುಂ ಎಂದಿತು. ಫೋಟೋದಲ್ಲಿ ಬಂದದ್ದು ಅವನ ಅರ್ಧ ಕಿವಿ ಮತ್ತು ಯಾವುದೋ ಮೀನಿನ ಬಾಲ.

ಇನ್ನು ಎಂಟು ದಿನಕ್ಕೆ ಪತ್ತನಾಜೆ. ಆ ದಿನ ಪ್ರಭಾವಳಿ ಹೊರಗೆ ಬರಬೇಕು, ವರ್ಷದ ಕೊನೆಯ ದೊಡ್ಡ ಪೂಜೆ ಆಗಬೇಕು, ಮತ್ತೆ ಪೆಟ್ಟಿಗೆ ಸೇರಬೇಕು. ಮೊಕ್ತೇಸರ ಕಿಟ್ಟಣ್ಣ ಮೊದಲಿನಿಂದಲೂ "ಕೀ ಮನೆಯಲ್ಲಿ ಯಾಕೆ, ಸಮಿತಿಯಲ್ಲಿ ಇರ್ಲಿ" ಎನ್ನುತ್ತಿದ್ದವರು. ಸುದ್ದಿ ತಿಳಿದರೆ ಕೀ ಮನೆಯಿಂದ ಹೋಯಿತು, ಮರ್ಯಾದೆಯೂ ಅದರ ಹಿಂದೆಯೇ ಹೋಯಿತು. ತ್ಯಾಂಪಣ್ಣ ಹೊಳೆಬದಿಯಲ್ಲಿ ಹುಟ್ಟಿದವನು, ಈಜು ಬರುತ್ತಿತ್ತು. ಆದರೆ ಕಣ್ಣು ಮುಚ್ಚಿಕೊಂಡು ಮಾತ್ರ. ಆರು ಸಲ ಮುಳುಗಿ ಆರು ಕಲ್ಲು ತಂದ. ಒಂದು ಕಲ್ಲು ಕೈಮುಗಿಯುವ ಹಾಗೆ ಇತ್ತು, ಅದನ್ನು ಮರಳಿ ಬಿಟ್ಟ.

ನೀರೊಳಗೆ ಕಣ್ಣು ಬಿಡುವುದಕ್ಕೆ ಕನ್ನಡಕ ಉಂಟು ಎಂದು ಅವನಿಗೆ ಗೊತ್ತಿತ್ತು. ಊರವರು ಕಾಣಬಾರದೆಂದು ಮೊದಲು ಸುಳ್ಯಕ್ಕೆ ಹೋದ. ಅಲ್ಲಿಯ ಅಂಗಡಿಯವರು ವೆಲ್ಡಿಂಗಿನ ಕನ್ನಡಕ ಕೊಟ್ಟರು. ಹಾಕಿದರೆ ಹಗಲೇ ಕಪ್ಪಾಯಿತು. ಮರುದಿನ ಪುತ್ತೂರಿಗೆ ಹೋಗಿ, ಆಟದ ಸಾಮಾನಿನ ಅಂಗಡಿ ಹೊಕ್ಕ. ಅಂಗಡಿಯ ಹರ್ಷಿತ್ ಓದಿದ ಹುಡುಗ, ಈಜು ಕಲಿಸುವವನು.

"ಯಾರಿಗೆ ಅಣ್ಣ?"

"ನನ್ನ ತಂಗಿಯ ಮಗನಿಗೆ."

"ಎಷ್ಟು ಪ್ರಾಯ?"

"ಐವತ್ತಾರು" ಎಂದು ಬಾಯಿ ತಪ್ಪಿ ತನ್ನದನ್ನೇ ಹೇಳಿಬಿಟ್ಟ.

ಹರ್ಷಿತ್ ಒಮ್ಮೆ ಅವನನ್ನು ನೋಡಿದ. "ಹಾಗಾದ್ರೆ ನಿಮ್ಮ ತಂಗಿಗೆ?"

"ಅವಳು ನನಗಿಂತ ಸಣ್ಣವಳು."

ಹರ್ಷಿತ್ ಮುಂದಕ್ಕೆ ಲೆಕ್ಕ ಹಾಕಲಿಲ್ಲ. ಗಿರಾಕಿಯ ಮನೆಯ ವಿಚಾರ. "ಸರಿ, ಅವರ ಮೂಗು ಹೇಗುಂಟು? ಅಗಲವೋ, ಸಪೂರವೋ?"

"ನನ್ನದರ ಹಾಗೆಯೇ."

"ಹಾಗಾದ್ರೆ ನೀವೇ ಹಾಕಿ ನೋಡಿ. ಪಟ್ಟಿ ತಲೆಗೆ ಹಾಕ್ಬೇಡಿ. ಕಣ್ಣಿನ ಗುಳಿಗೆ ಒತ್ತಿ ಕೈ ಬಿಡಿ. ಅದಾಗಿಯೇ ಕಚ್ಚಿಕೊಂಡು ನಿಲ್ಬೇಕು. ನಿಂತರೆ ಅದು ನಿಮ್ಮದು, ಬಿದ್ದರೆ ಬೇರೆಯವರದ್ದು."

ಮೊದಲನೆಯದು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇದು ಹಾಕಿದ್ರೆ ನೀವು ಎಲ್ಲಿ ನೋಡ್ತಾ ಇದ್ದೀರಿ ಅಂತ ಯಾರಿಗೂ ಗೊತ್ತಾಗುದಿಲ್ಲ" ಎಂದ ಹರ್ಷಿತ್.

"ನನಗೆ ಗೊತ್ತಾಗ್ತದಾ?"

"ಬಿಸಿಲಲ್ಲಿ ಆಗ್ತದೆ. ಮರದ ನೆರಳಿನ ನೀರಾದ್ರೆ ಬಿಳಿಯದ್ದೇ ತೆಗೊಳ್ಳಿ."

ಬಿಳಿಯದ್ದು ಒತ್ತಿದ ಕೂಡಲೇ ಜಿಗಣೆಯ ಹಾಗೆ ಕಚ್ಚಿಕೊಂಡಿತು. ತ್ಯಾಂಪಣ್ಣ ತಲೆ ಬಗ್ಗಿಸಿದ, ಅಲ್ಲಾಡಿಸಿದ, ಒಂದು ಹಾರು ಹಾರಿದ, ಬೀಳಲಿಲ್ಲ. ಎಳೆದಾಗ ಟಪ್ಪೆಂದಿತು.

"ಒಳಬದಿಗೆ ಮಂಜು ಹಿಡಿಯದ ಹಾಗೆ ಒಂದು ಲೇಪ ಉಂಟು" ಎಂದು ಹರ್ಷಿತ್ ಕಟ್ಟಿಕೊಡುತ್ತ ಹೇಳಿದ. "ಬೆರಳು ತಾಗಿಸ್ಬೇಡಿ. ಬಟ್ಟೆಯಲ್ಲಿ ಉಜ್ಜುದು ಅಂತೂ ಬೇಡವೇ ಬೇಡ."

ತ್ಯಾಂಪಣ್ಣ ತಲೆಯಾಡಿಸಿದ. ಆದರೆ ಹೊಸ ವಸ್ತುವನ್ನು ಒರೆಸದೆ ಮನೆಗೆ ತರುವ ಪದ್ಧತಿ ಅವನ ಮನೆತನದಲ್ಲಿ ಇರಲಿಲ್ಲ. ಬಸ್ಸು ಪುತ್ತೂರು ದಾಟುವುದರೊಳಗೆ ಹೆಗಲ ಮೇಲೆ ಹಾಕುವ ಬೈರಾಸು ಬಟ್ಟೆಯಿಂದ ಕನ್ನಡಕದ ಒಳಗೂ ಹೊರಗೂ ತಿಕ್ಕಿ ತಿಕ್ಕಿ ಒರೆಸಿದ. ಬೈರಾಸಿನಲ್ಲಿ ಇಪ್ಪತ್ತು ವರ್ಷದ ರಾಗಿ, ಗೋಧಿ, ಮೆಣಸಿನ ಹಿಟ್ಟು ಇತ್ತು.

ಮನೆಗೆ ಬಂದವನೇ ಪರೀಕ್ಷೆಗೆ ನಿಂತ. ದನಕ್ಕೆ ಇಡುವ ಕಲ್ಲಿನ ಬಾನಿಯಲ್ಲಿ ನೀರು ತುಂಬಿಸಿ, ಕನ್ನಡಕ ಹಾಕಿ, ತಲೆ ಮುಳುಗಿಸಿದ. ಒಂದು ಗಳಿಗೆ ಬಾನಿಯ ತಳ ಸ್ಪಷ್ಟ ಕಂಡಿತು. ಎರಡನೆಯ ಗಳಿಗೆ ಶಿರಾಡಿ ಘಾಟಿಯ ಬೆಳಗಿನ ಹಾಗೆ ಎಲ್ಲ ಬೆಳ್ಳಗಾಯಿತು. ಎತ್ತಿದ, ಒರೆಸಿದ, ಮುಳುಗಿಸಿದ. ಮತ್ತೆ ಬೆಳ್ಳಗೆ.

ಹಿಂದಿನಿಂದ ಹೆಂಡತಿ ಕಮಲಾವತಿಯ ಸ್ವರ ಕೇಳಿತು. "ದನ ಕಾಯ್ತಾ ಉಂಟು. ನಿಮ್ಮದು ಕುಡಿದಾಯ್ತಾ?"

"ಮುಖಕ್ಕೆ ತಂಪು ಅಂತ ಹೇಳಿದ್ರು."

"ಯಾರು?"

"ಹೇಳಿದ್ರು."

ಕಮಲಾವತಿ ಮತ್ತೆ ಕೇಳಲಿಲ್ಲ. ಆದರೆ ಬೇಲಿಯಾಚೆ ನೆರೆಮನೆಯ ವಾರಿಜಾಕ್ಷಿ, ಏಳು ತಿಂಗಳ ಮೊಮ್ಮಗ ಪ್ರಖ್ಯಾತ್‌ನನ್ನು ಸೊಂಟದಲ್ಲಿ ಕೂರಿಸಿಕೊಂಡು ಪೂರಾ ನೋಡುತ್ತಿದ್ದಳು. ಮಗು ನಕ್ಕಿತು. ಅವಳು ನಗಲಿಲ್ಲ. ನಗುವುದಕ್ಕಿಂತ ನೆನಪಿಟ್ಟುಕೊಳ್ಳುವುದು ಮುಖ್ಯ ಎಂದು ಬಲ್ಲವಳು.

ತ್ಯಾಂಪಣ್ಣ ಮಿಲ್ಲಿನ ಹಿಂದೆ ನಿಂತು ಹರ್ಷಿತ್‌ಗೆ ಫೋನು ಮಾಡಿದ.

"ಬಟ್ಟೆಯಲ್ಲಿ ಉಜ್ಜಿದ್ರಾ?"

"ನನ್ನ ತಂಗಿಯ ಮಗ ಉಜ್ಜಿದ."

"ಲೇಪ ಹೋಯ್ತು ಹಾಗಾದ್ರೆ. ತೊಂದರೆ ಇಲ್ಲ ಅಣ್ಣ, ಎಲ್ಲ ಈಜುಗಾರರು ಮಾಡುದು ಒಂದೇ. ಒಳಗೆ ಸ್ವಲ್ಪ ಉಗುಳುದು, ಬೆರಳಲ್ಲಿ ಸವರುದು, ಅದೇ ನೀರಲ್ಲಿ ಒಮ್ಮೆ ಅದ್ದಿ ತೆಗೆದು ಹಾಕುದು. ಮಂಜು ಹತ್ತಿರ ಬರುದಿಲ್ಲ."

ತ್ಯಾಂಪಣ್ಣನ ಕೈಯಿಂದ ಫೋನು ಜಾರಿ ಅಕ್ಕಿಹಿಟ್ಟಿನ ಡಬ್ಬಕ್ಕೆ ಬಿತ್ತು.

ಓದುವವರಿಗೆ ಇದು ಸಣ್ಣ ಮಾತೆಂದು ತೋರಬಹುದು. ಆದರೆ ಕೂಡುಗುಂಡಿಯಲ್ಲಿ ಬಾಯಿ ಮುಕ್ಕಳಿಸುವಂತಿಲ್ಲ. ಎಲೆಯಡಿಕೆ ಹಾಕಿದವನು ಮೇಲಿನ ಮೆಟ್ಟಿಲಿನಿಂದ ಕೆಳಗೆ ಇಳಿಯುವಂತಿಲ್ಲ. ಅದೇ ನೀರು ದೇವರ ಅಭಿಷೇಕಕ್ಕೆ ಹೋಗುತ್ತದೆ. ಅಂಥ ನೀರಿನಲ್ಲಿ ಎಂಜಲು ಅದ್ದುವುದೇ! ಕೀ ಹೋದರೆ ಒಂದು ಜನ್ಮದ ಮರ್ಯಾದೆ. ಇದಾದರೆ ಎಷ್ಟು ಜನ್ಮದ್ದೋ.

ಹಾಗಾಗಿ ಎಂಜಲಲ್ಲದ ಔಷಧಿಗಳು ಶುರುವಾದವು. ತೆಂಗಿನೆಣ್ಣೆ ಸವರಿದ, ಜಗತ್ತು ಪಾಯಸವಾಯಿತು. ಹಲ್ಲುಜ್ಜುವ ಪೇಸ್ಟು ಹಚ್ಚಿದ. ಮಂಜು ಹೋಯಿತು, ಆದರೆ ಕಣ್ಣು ತೆರೆಯಲು ಆಗಲಿಲ್ಲ. ತಲೆಗೆ ಹಚ್ಚುವ ತಾಳಿ, ಅಂದರೆ ದಾಸವಾಳದ ಸೊಪ್ಪಿನ ಲೋಳೆ ಹಿಂಡಿ ಹಾಕಿದ. ಎಲ್ಲವೂ ಹಸಿರಾಗಿ, ಬಾನಿಯ ತಳದಲ್ಲಿ ಗದ್ದೆ ಕಂಡಿತು. ಕೊನೆಗೆ ಬಟಾಟೆಯ ಹೋಳು ಉಜ್ಜಿದಾಗ ನಾಲ್ಕು ಉಸಿರಿನಷ್ಟು ಹೊತ್ತು ಎಲ್ಲ ಸರಿ ಇತ್ತು. ಅದನ್ನೇ ಪ್ರಸಾದವೆಂದು ಸ್ವೀಕರಿಸಿದ.

ಇಷ್ಟರ ನಡುವೆ ಅವನು ಇನ್ನೊಂದು ಕೆಲಸ ಮಾಡಿದ್ದ. ದೇವರ ಗುಂಡಿಗೆ ಇಳಿಯುವವನು ಶುದ್ಧ ಇರಬೇಕೆಂದು ಮನೆಯಲ್ಲಿ ಮೀನು ನಿಲ್ಲಿಸಿದ್ದ. ಮೀನಿನ ಅಹ್ಮದ್ ಕುಂಞಿ ದಿನಾ ಸ್ಕೂಟರಿನ ಹಾರ್ನು ಹಾಕುತ್ತ ಬರುವವನು. "ತ್ಯಾಂಪಣ್ಣ, ಬೂತಾಯಿ ಉಂಟು! ಬಂಗುಡೆ ಉಂಟು!"

"ಬೇಡ ಮಾರಾಯ."

"ನಾಳೆ?"

"ನಾಳೆಯೂ ಬೇಡ."

ಆರನೆಯ ದಿನ ಅಹ್ಮದ್ ಕುಂಞಿ ವಾರಿಜಾಕ್ಷಿಯ ಅಂಗಳದಲ್ಲಿ ತಕ್ಕಡಿ ಹಿಡಿದು ನಿಟ್ಟುಸಿರು ಬಿಟ್ಟ. "ಎಂತ ಅಕ್ಕ, ಇಪ್ಪತ್ತು ವರ್ಷದಲ್ಲಿ ತ್ಯಾಂಪಣ್ಣ ಎರಡು ದಿನ ಮೀನು ಬಿಟ್ಟದ್ದಿಲ್ಲ. ಈಗ ಆರು ದಿನ ಆಯ್ತು. ನನ್ನ ಮೀನಲ್ಲಿ ದೋಷ ಉಂಟಾ? ಬೇರೆ ಯಾರಾದ್ರೂ ಕೊಡ್ತಾರಾ?"

ವಾರಿಜಾಕ್ಷಿಯ ಕೈಯಲ್ಲಿದ್ದ ಪಾತ್ರೆ ಅಲ್ಲಿಯೇ ನಿಂತಿತು. ನೀರಿನ ಕನ್ನಡಕ. ಬಾನಿಯಲ್ಲಿ ಮುಳುಗುವ ಅಭ್ಯಾಸ. ಮೀನು ಕೊಳ್ಳುವುದು ಬಂದ್. ಒಂದಕ್ಕೊಂದು ಕೂಡಿಸಿ ಏಳು ಮಾಡುವ ಗಣಿತ ನಮ್ಮ ಊರಿನಲ್ಲಿ ಹೆಣ್ಣಿಗೂ ಗಂಡಿಗೂ ಸಮನಾಗಿ ಬರುತ್ತದೆ.

"ಅಯ್ಯೋ ದೇವರೇ" ಎಂದಳು. "ದೇವರದ್ದೇ ತಿಂತಾ ಇದ್ದಾನಲ್ಲ!"

ಮೊಕ್ತೇಸರ ಕಿಟ್ಟಣ್ಣನ ಮನೆಗೆ ಈ ಸುದ್ದಿ ಅಹ್ಮದ್ ಕುಂಞಿಯ ಸ್ಕೂಟರಿಗಿಂತ ಮುಂಚೆ ತಲುಪಿತು. ಕಿಟ್ಟಣ್ಣ ನಾಲ್ವರು ಸಮಿತಿಯವರನ್ನು ಕರೆದುಕೊಂಡು ಹೋಗಿ ಮೀನು ಎಣಿಸಿದರು. ಮೊದಲು ನೂರಾಹನ್ನೊಂದು ಬಂತು. ಎರಡನೆಯ ಸಲ ತೊಂಬತ್ತಾರು. ಮೂರನೆಯ ಸಲ ನೂರಾನಲುವತ್ತು. ಎಣಿಸುವಾಗ ನಿಲ್ಲುವ ಜಾತಿ ಅದಲ್ಲ.

"ನೂರಾನಲುವತ್ತು ಇದ್ದದ್ದು ತೊಂಬತ್ತಾರು ಆಗಿದೆ ಅಂತ ಬರೀರಿ" ಎಂದರು ಕಿಟ್ಟಣ್ಣ.

ಪತ್ತನಾಜೆಯ ಹಿಂದಿನ ದಿನ ಮಧ್ಯಾಹ್ನ. ಪೂಜೆ ಮುಗಿದು ದೇವಸ್ಥಾನದ ಬಾಗಿಲು ಹಾಕಿತ್ತು. ತ್ಯಾಂಪಣ್ಣ ಮೆಟ್ಟಿಲಿಳಿದ. ಮೊದಲು ಮೀನುಗಳಿಗೆ ಬೈರಾಸಿನ ಗಂಟಿನಿಂದ ಒಂದು ಹಿಡಿ ಅಕ್ಕಿ ಹಾಕಿದ. ಅದೇ ಬೈರಾಸನ್ನು ಸೊಂಟಕ್ಕೆ ಸುತ್ತಿದ. ಬಟಾಟೆ ಉಜ್ಜಿದ. ಕೈಮುಗಿದು ಮುಳುಗಿದ. ನಾಲ್ಕು ಉಸಿರು ಆಗುವ ಮೊದಲೇ ಮಂಜು ಬಂತು. ಕೈಗೆ ಸಿಕ್ಕಿದ್ದು ಕಲ್ಲು. ಮತ್ತೆ ಮುಳುಗಿದ. ಸೊಂಟದ ಸುತ್ತ ಏನೋ ಕಚಗುಳಿ ಇಟ್ಟ ಹಾಗಾಯಿತು. ಹತ್ತು ಸಲ ಮುಳುಗಿ, ಸೋತು, ಕನ್ನಡಕ ತೆಗೆಯಲೂ ತ್ರಾಣವಿಲ್ಲದೆ ಮೆಟ್ಟಿಲ ಮೇಲೆ ಬಂದು ನಿಂತ. ಎದುರು ಐದಾರು ಬಿಳಿ ಬಿಳಿ ಆಕಾರ ಕಂಡವು. ಗೋಪುರದ ಕಂಬಗಳೆಂದುಕೊಂಡ.

"ನಾರಾಯಣ" ಎಂದು ಕಂಬಗಳಿಗೆ ಕೈಮುಗಿದ. "ಇವತ್ತಾದ್ರೂ ಕೈಗೆ ಸಿಗ್ಲಿ. ಸಿಕ್ಕಿದ್ರೆ ನಿನ್ನ ಮೀನಿಗೆ ಒಂದು ಮುಡಿ ಅಕ್ಕಿ ಹಾಕ್ತೇನೆ."

"ಎಲ್ಲ ನಿನ್ನ ಕೈಗೆ ಸಿಕ್ಕಿದ ಮೇಲೆ ಯಾವ ಮೀನಿಗೆ ಹಾಕುದು ಮಾರಾಯ?" ಎಂದಿತು ನಡುವಿನ ಕಂಬ.

ತ್ಯಾಂಪಣ್ಣ ಕನ್ನಡಕ ಕಿತ್ತ. ಟಪ್. ಕಿಟ್ಟಣ್ಣ, ಸಮಿತಿಯವರು, ಅರ್ಚಕರಾದ ಗೌರೀಶಂಕರ ಭಟ್ಟರು, ಮಗುವಿನೊಂದಿಗೆ ವಾರಿಜಾಕ್ಷಿ, ಎಲ್ಲರ ಹಿಂದೆ ಕಮಲಾವತಿ. ಅವನು "ನಾನು ಮೀನು ಹಿಡಿಯುದಿಲ್ಲ" ಎಂದು ಬಾಯಿ ತೆರೆಯುವುದಕ್ಕೂ, ಬೈರಾಸಿನ ಮಡಿಕೆಯಲ್ಲಿ ಉಳಿದಿದ್ದ ಅಕ್ಕಿಕಾಳಿಗೆ ಆಸೆಪಟ್ಟು ಒಳಗೆ ಹೊಕ್ಕಿದ್ದ ದೇವರ ಮೀನಿನ ಒಂದು ಮರಿ ಹೊರಕ್ಕೆ ಚಿಮ್ಮಿ, ಕಿಟ್ಟಣ್ಣನ ಪಾದಕ್ಕೆ ನಮಸ್ಕರಿಸಿದ ಹಾಗೆ ಬಿದ್ದು, ಮೆಟ್ಟಿಲು ಮೆಟ್ಟಿಲಾಗಿ ಕುಪ್ಪಳಿಸಿ ನೀರಿಗೆ ಸೇರುವುದಕ್ಕೂ ಸರಿಯಾಯಿತು.

ಇಂಥ ಸಾಕ್ಷಿ ಯಾವ ಕೋರ್ಟಿನಲ್ಲೂ ತಾನಾಗಿ ನಡೆದು ಬರುವುದಿಲ್ಲ.

"ಆರು ದಿನದಿಂದ ಮೀನು ಯಾಕೆ ತೆಗೊಳ್ಳುದಿಲ್ಲ?" ಎಂದು ಕಿಟ್ಟಣ್ಣ ಕೇಳಿದರು.

"ವ್ರತ."

"ವ್ರತದಲ್ಲಿ ಇರುವವ ಬೈರಾಸಲ್ಲಿ ಮೀನು ಕಟ್ಟಿಕೊಂಡು ಬರುದಾ?"

ತ್ಯಾಂಪಣ್ಣನ ಮುಂದೆ ಈಗ ಎರಡು ಅವಮಾನಗಳಿದ್ದವು. ಮೀನು ಕಳ್ಳನಾಗಿ ಊರು ಬಿಡುವುದು ಒಂದು, ಕೀ ಕಳಕೊಂಡವನಾಗಿ ಊರಲ್ಲೇ ಇರುವುದು ಇನ್ನೊಂದು. ಊರಲ್ಲೇ ಇರುವುದನ್ನು ಆರಿಸಿ, ಆನೆಯ ಫೋಟೋದಿಂದ ಬಟಾಟೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಕೀ ನೀರಿನೊಳಗಾ!" ಕಿಟ್ಟಣ್ಣ ಕಲ್ಲಿನ ಮೇಲೆ ಕೂತುಬಿಟ್ಟರು. ಮೀನು ಕದ್ದಿದ್ದರೆ ದಂಡ ಹಾಕಿ ಮುಗಿಸಬಹುದಿತ್ತು. "ನಾಳೆ ಪತ್ತನಾಜೆ! ಪೆಟ್ಟಿಗೆ ಒಡೆಯುದಾ? ದೇವರ ಪೆಟ್ಟಿಗೆಗೆ ಕೊಡಲಿ ಹಾಕುದಾ?"

"ಮಂಜು ಹಿಡಿಯದಿದ್ದರೆ ಈಗಲೇ ತೆಗೆದು ಕೊಡ್ತೇನೆ" ಎಂದ ತ್ಯಾಂಪಣ್ಣ. "ಆದ್ರೆ ಅದಕ್ಕೆ ಉಗುಳ್ಬೇಕು. ಅದು ನನ್ನಿಂದ ಆಗುದಿಲ್ಲ."

ಆಗ ಕೂಡುಗುಂಡಿಯ ಮೆಟ್ಟಿಲಲ್ಲಿ ನಡೆದ ಚರ್ಚೆ ಆ ದೇವಸ್ಥಾನದ ಚರಿತ್ರೆಯಲ್ಲೇ ಮೊದಲನೆಯದು.

"ಮನೆಯಲ್ಲೇ ಉಗುಳಿ ತಂದ್ರೆ?" ಎಂದ ಒಬ್ಬ.

"ಉಗುಳಿದ್ದು ಎಲ್ಲಿಯಾದ್ರೂ ಅದ್ದುದು ಇಲ್ಲೇ ಅಲ್ವಾ?" ಎಂದರು ಕಿಟ್ಟಣ್ಣ.

"ಎಂಜಲು ಇರುದು ಕನ್ನಡಕದ ಒಳಗೆ, ನೀರು ಇರುದು ಹೊರಗೆ. ತಾಗುದು ಎಲ್ಲಿಂದ?"

"ಒಳಗೆ ನೀರು ಹೋದ್ರೆ?"

"ಹೋದ ನೀರು ಹೊರಗೆ ಬಾರದಿದ್ರೆ ಆಯ್ತಲ್ಲ."

ಎಲ್ಲರೂ ಭಟ್ಟರ ಮುಖ ನೋಡಿದರು. ಗೌರೀಶಂಕರ ಭಟ್ಟರು ಮೂವತ್ತು ವರ್ಷದಿಂದ ಆ ನೀರನ್ನು ಕೊಡದಲ್ಲಿ ತುಂಬಿದವರು. ಕಣ್ಣು ಮುಚ್ಚಿದರು, ಬೆರಳು ಎಣಿಸಿದರು, ಕೊನೆಗೆ ಹೇಳಿದರು: "ಹಲ್ಲು ಬಾರದ ಮಗುವಿಗೆ ಎಂಜಲಿನ ದೋಷ ಇಲ್ಲ."

ಎಲ್ಲರ ತಲೆಯೂ ವಾರಿಜಾಕ್ಷಿಯ ಸೊಂಟದತ್ತ ತಿರುಗಿತು. ಹುಟ್ಟಿದಾರಭ್ಯ ಅಜ್ಜಿಯ ಹೆಗಲು ಒಣಗಲು ಬಿಡದೆ ಜೊಲ್ಲು ಸುರಿಸಿದ ಪ್ರಖ್ಯಾತ್, ಅಷ್ಟು ಜನ ಒಟ್ಟಿಗೆ ನೋಡಿದ್ದೇ ತಡ, ಬಾಯಿ ಗಟ್ಟಿಯಾಗಿ ಮುಚ್ಚಿದ. ಕಿಟ್ಟಣ್ಣ ನಾಲಿಗೆ ಚಾಚಿ ಕುಣಿದರು. ಮಗು ಗಂಭೀರವಾಗಿ ನೋಡಿತು. ಯಾರೋ ಓಡಿಹೋಗಿ ಉಪ್ಪುಮೆಣಸು ಹಾಕಿದ ಮಾವಿನಕಾಯಿ ತಂದು ತೋರಿಸಿದರು. ಸಮಿತಿಯವರ ಬಾಯಲ್ಲೆಲ್ಲ ನೀರೂರಿತು. ಮಗುವಿನ ಬಾಯಿ ಒಣಗಿಯೇ ಇತ್ತು.

"ಇಷ್ಟು ದಿನ ನಿಲ್ಸು ಅಂದ್ರೆ ನಿಲ್ಸಿದ್ದಿಲ್ಲ" ಎಂದು ವಾರಿಜಾಕ್ಷಿ ಅಳುವ ಹಾಗಾದಳು. "ಬಿಡು ಮಗಾ, ದೇವರ ಕೆಲಸಕ್ಕೆ!"

ಕೊನೆಗೆ ಮಗುವಿಗೇ ಬೇಸರ ಬಂದು, ತ್ಯಾಂಪಣ್ಣನ ಕೈಯಿಂದ ಕನ್ನಡಕ ಕಿತ್ತುಕೊಂಡು ಬಾಯಿಗೆ ಹಾಕಿ ಚಪ್ಪರಿಸತೊಡಗಿತು. ಎರಡು ಗಾಜೂ ತುಂಬಿದವು. ಭಟ್ಟರು "ಗೋವಿಂದ" ಅಂದರು. ಎಲ್ಲರೂ ಅಂದರು.

ತ್ಯಾಂಪಣ್ಣ ಬೆರಳಲ್ಲಿ ಸವರಿ, ಅದ್ದಿ, ಹಾಕಿ, ಮುಳುಗಿದ.

ಐವತ್ತಾರು ವರ್ಷ ಆ ನೀರಿನಲ್ಲಿ ಮಿಂದವನು ಅದರ ಒಳಗನ್ನು ಕಂಡದ್ದು ಅದೇ ಮೊದಲು. ಮರಗಳ ಎಡೆಯಿಂದ ಬಿದ್ದ ಬಿಸಿಲು ದೀಪಸ್ತಂಭಗಳ ಹಾಗೆ ತಳದವರೆಗೆ ನಿಂತಿತ್ತು. ಕಲ್ಲುಗಳ ಮೇಲೆ ಬೆಳಕಿನ ಬಲೆ ತೂಗುತ್ತಿತ್ತು. ಕರಿಬೆನ್ನಿನ ಮೀನುಗಳ ಹೊಟ್ಟೆ ಕರಿದಲ್ಲ, ಹೊಸ ಬಂಗಾರದ ಬಣ್ಣ. ಅವು ಸಾಲಾಗಿ, ಸದ್ದಿಲ್ಲದೆ, ಅವಸರವಿಲ್ಲದೆ ಎಡದಿಂದ ಬಲಕ್ಕೆ ಸುತ್ತು ಬರುತ್ತಿದ್ದವು.

ಮೇಲೆ ಬಂದ.

"ಕೀ?" ಎಂದರು ಎಲ್ಲರೂ.

"ಯಾವ ಕೀ?" ಎಂದ ತ್ಯಾಂಪಣ್ಣ.

ಕಿಟ್ಟಣ್ಣನ ಮುಖ ಕೆಂಪಾಯಿತು. ಅವನ ಕೈಯಿಂದ ಕನ್ನಡಕ ಸೆಳೆದು, ಮಗುವಿನ ಬಾಯಿಗೆ ಇನ್ನೊಮ್ಮೆ ಕೊಟ್ಟು, ಪಂಚೆ ಕಟ್ಟಿ ತಾವೇ ಇಳಿದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಬೇರೆಯೇ ಆಗಿತ್ತು. "ಭಟ್ರೆ" ಎಂದರು ಮೆಲ್ಲಗೆ, "ಅವು ಪ್ರದಕ್ಷಿಣೆ ಬರ್ತಾ ಇದ್ದಾವೆ." ಕೀಯ ಸುದ್ದಿ ಎತ್ತಲೇ ಇಲ್ಲ. ಆಮೇಲೆ ಭಟ್ಟರು ಕೈ ನೀಡಿದರು. "ಒಮ್ಮೆ ಕೊಡಿ, ನೋಡ್ತೇನೆ." ಭಟ್ಟರು ಮೇಲೆ ಬಂದು ಒರೆಸಿಕೊಂಡದ್ದು ಹೊಳೆಯ ನೀರನ್ನೇ ಎಂದು ಎಲ್ಲರೂ ಭಾವಿಸಿದರು. ಸಮಿತಿಯವರು ಸರದಿಯಲ್ಲಿ ನಿಂತರು. ನಾಲ್ವರೂ ಇಳಿದರು, ನಾಲ್ವರೂ ಬರಿಗೈಯಲ್ಲಿ ಬಂದರು, ಒಬ್ಬನಿಗೂ ತಪ್ಪು ಮಾಡಿದೆ ಅನಿಸಲಿಲ್ಲ.

ಅಷ್ಟರಲ್ಲಿ ಪ್ರಖ್ಯಾತ್ ನಿದ್ದೆ ಹೋದ. ಕನ್ನಡಕ ಮತ್ತೆ ಬೆಳ್ಳಗಾಯಿತು. ಬಿಸಿಲು ಗುಂಡಿಯಿಂದ ಮೇಲೆದ್ದು ಗೋಪುರದ ಹಂಚಿಗೆ ಹತ್ತಿತ್ತು. ಆಗ ಎಲ್ಲರಿಗೂ ಒಟ್ಟಿಗೆ ಪತ್ತನಾಜೆ ನೆನಪಾಯಿತು.

"ಮುಗಿಯಿತು" ಎಂದರು ಕಿಟ್ಟಣ್ಣ. "ನಾಳೆ ಕೊಡಲಿಯೇ."

ಕಮಲಾವತಿ ಜನರ ನಡುವಿನಿಂದ ಇಳಿದು ಬಂದಳು. ಗಂಡನ ಕೈಯಿಂದ ಕನ್ನಡಕ ತೆಗೆದುಕೊಂಡಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ದೊಡ್ಡ ಕಲ್ಲಿನ ಹಿಂದೆ ಒಂದು ಗಳಿಗೆ ಮರೆಯಾದಳು. ಅದೇ ಗಳಿಗೆಯಲ್ಲಿ ಗೌರೀಶಂಕರ ಭಟ್ಟರಿಗೆ ಗೋಪುರದ ಮಾಡಿನಲ್ಲಿ ಒಂದು ಹಂಚು ಓರೆಯಾಗಿರುವುದು ಕಾಣಿಸಿತು. ಅದನ್ನು ಕೈ ಎತ್ತಿ ಎಲ್ಲರಿಗೂ ತೋರಿಸಿದರು. ಎಲ್ಲರೂ ಹಂಚು ನೋಡಿದರು. ಹಂಚು ನೋಡಿ ಮುಗಿಸಿ ಇತ್ತ ತಿರುಗುವಾಗ ಕಮಲಾವತಿ ನೀರಿನಿಂದ ಎದ್ದು ಬರುತ್ತಿದ್ದಳು, ಕೈಯಲ್ಲಿ ಗೇಣುದ್ದದ ಹಿತ್ತಾಳೆ.

"ಎಲ್ಲಿತ್ತು?" ಎಂದು ತ್ಯಾಂಪಣ್ಣ ಕೂಗಿದ.

"ಬಿದ್ದಲ್ಲೇ."

ಕಿಟ್ಟಣ್ಣ ಕೀಗೆ ಕೈ ಚಾಚಿದರು. ಭಟ್ಟರು ಗಂಟಲು ಸರಿಮಾಡಿಕೊಂಡರು. "ತೆಗೆದವರ ಕೈಯಲ್ಲೇ ಇರ್ಲಿ ಕಿಟ್ಟಣ್ಣ. ಮನೆ ಅದೇ ಅಲ್ವಾ." ಕಿಟ್ಟಣ್ಣ ಯೋಚಿಸಿದರು, ಬೈರಾಸಿನ ಮೀನು, ತಾವು ಕುಣಿದ ಕುಣಿತ, ತೊಂಬತ್ತಾರು ಎಂದು ಬರೆಸಿದ್ದು ಎಲ್ಲವೂ ನೆನಪಿಗೆ ಬಂದಿರಬೇಕು. ಚಾಚಿದ ಕೈಯಲ್ಲಿ ತಲೆ ಕೆರೆದುಕೊಂಡರು. ಕಮಲಾವತಿ ಕೀಯನ್ನು ಸೊಂಟಕ್ಕೆ ಸಿಕ್ಕಿಸಿ ಮೇಲಿನಿಂದ ಸೆರಗು ಹೊದ್ದಳು.

ಮನೆಯ ದಾರಿಯಲ್ಲಿ ಅವಳು ಮುಂದೆ, ತ್ಯಾಂಪಣ್ಣ ಹಿಂದೆ. ಎತ್ತರದ ಮಣ್ಣಿನ ದರೆಯ ಬದಿಯಲ್ಲಿ ದಾರಿ ತಿರುಗುವಲ್ಲಿ ಅವನಿಗೆ ತಡೆಯಲಾಗಲಿಲ್ಲ. ಅತ್ತಿತ್ತ ನೋಡಿ ಸ್ವರ ತಗ್ಗಿಸಿದ.

"ಅಲ್ಲ, ನೀನು ಆ ಕಲ್ಲಿನ ಹಿಂದೆ ಎಂತ ಮಾಡಿದ್ದು?"

ಕಮಲಾವತಿ ನಿಲ್ಲಲೂ ಇಲ್ಲ, ತಿರುಗಲೂ ಇಲ್ಲ. "ನಿಮ್ಮ ಸೊಂಟದಲ್ಲಿ ಕೀ ಇಲ್ಲ ಅಂತ ನಾನು ಏಳು ದಿನದಿಂದ ನೋಡ್ತಾ ಇದ್ದೇನೆ. ಒಂದು ದಿನ ಕೇಳಿದ್ದುಂಟಾ?"

"ಇಲ್ಲ."

"ಹಾಗಾದ್ರೆ ನಡೀರಿ. ದನ ಕಾಯ್ತಾ ಉಂಟು."